ಚಲನಚಿತ್ರ ಮತ್ತು ಟೆಲಿವಿಷನ್ ನಿರ್ಮಾಣದ ಆನ್‌ಲೈನ್ ಕೋರ್ಸ್: ಧ್ವನಿಗೆ ಪೂರ್ಣ ಅಂಕ, ಸ್ಟುಡಿಯೋಗೆ ಅರ್ಧ
ಚಲನಚಿತ್ರ ಮತ್ತು ಟೆಲಿವಿಷನ್ ನಿರ್ಮಾಣದ ಮೂಲಪಾಠಗಳನ್ನು ಹೇಳಿಕೊಡುವ ಕೋರ್ಸ್‌ಗಳು ಸಾಮಾನ್ಯವಾಗಿ ಕ್ಯಾಮೆರಾದ ಗುಣಗಾನದಿಂದಲೇ ಆರಂಭವಾಗುತ್ತವೆ. ನಾನು ಇತ್ತೀಚೆಗೆ ಪೂರೈಸಿದ ಆನ್‌ಲೈನ್ ಕೋರ್ಸ್ ಧ್ವನಿಮುದ್ರಣದಿಂದ ಆರಂಭವಾಗುತ್ತದೆ. ಅದರ ಅತಿ ದೊಡ್ಡ ಗುಣವೂ ಇದೇ. ಚಿತ್ರ ತುಸು ಮಸುಕಾದರೂ ಸಹಿಸಿಕೊಳ್ಳುವ ಪ್ರೇಕ್ಷಕರು ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ ಎಂಬುದನ್ನು ಮನಗಾಣಿಸಲು ಬೋಧಕರು ಒಂದೇ ಸಂಭಾಷಣೆಯನ್ನು ಕ್ಯಾಮೆರಾದ ಮೈಕ್, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಮತ್ತು ಉದ್ದನೆಯ ಕೋಲಿನ ತುದಿಗೆ ಕಟ್ಟಿ ಫ್ರೇಮಿನ ಅಂಚಿನವರೆಗೆ ಇಳಿಸಿದ ಬೂಮ್ ಮೈಕ್ ಮೂರರಲ್ಲೂ ಮುದ್ರಿಸಿ ಕೇಳಿಸುತ್ತಾರೆ. ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಜಾಗದ ಬರಿಯ ಸದ್ದನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳುವ ರೂಮ್ ಟೋನ್ ಪದ್ಧತಿ ಏಕೆ ಬೇಕೆಂಬುದು, ಅದಿಲ್ಲದೆ ಎಡಿಟ್ ಮಾಡಿದ ದೃಶ್ಯದಲ್ಲಿ ಸದ್ದು ಫಕ್ಕನೆ ಕಡಿದುಹೋಗುವುದನ್ನು ಕೇಳಿದಾಗ ತಾನಾಗಿ ತಿಳಿಯುತ್ತದೆ.

ಕ್ಯಾಮೆರಾ ಪಾಠಗಳೂ ಚೊಕ್ಕವಾಗಿವೆ. ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಚಿತ್ರಿಸುವಾಗ ಶಟರ್ ವೇಗ (ಪ್ರತಿ ಫ್ರೇಮಿಗೂ ಬೆಳಕು ಬೀಳುವ ಅವಧಿ) ಸುಮಾರು 1/48 ಸೆಕೆಂಡ್ ಇರಬೇಕೆಂಬ ರೂಢಿಯನ್ನು ಹೇಳಿ ಕೈತೊಳೆದುಕೊಳ್ಳದೆ, ವೇಗವನ್ನು ಏರಿಸಿದಂತೆಲ್ಲ ಓಡುವವನ ಕೈಕಾಲುಗಳ ಮಸುಕು ಮಾಯವಾಗಿ ಚಲನೆ ತುಂಡುತುಂಡಾಗಿ ಕಾಣುವುದನ್ನು ತೋರಿಸುತ್ತಾರೆ. ಮಾತನಾಡುವ ಇಬ್ಬರ ನಡುವಿನ ಕಾಲ್ಪನಿಕ ಗೆರೆಯನ್ನು ಕ್ಯಾಮೆರಾ ದಾಟಿದೊಡನೆ ಅವರಿಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ತೋರುವ 180 ಡಿಗ್ರಿ ನಿಯಮದ ವಿವರಣೆಯಂತೂ ಮತ್ತೊಮ್ಮೆ ನೋಡುವಂತಿದೆ. ಲೈಟಿಂಗ್ ಭಾಗದಲ್ಲಿ ಕೀ (ಮುಖ್ಯ ಬೆಳಕು), ಫಿಲ್ (ನೆರಳು ತಗ್ಗಿಸುವ ಬೆಳಕು), ಬ್ಯಾಕ್ (ಹಿಂದಿನಿಂದ ಬೀಳುವ ಬೆಳಕು) ಲೈಟ್‌ಗಳಾಚೆ ಹೊಸದೇನೂ ಇಲ್ಲ.

ನನ್ನ ಆಕ್ಷೇಪ ಟೆಲಿವಿಷನ್ ಭಾಗದ ಬಗ್ಗೆ. ಕೋರ್ಸಿನ ಹೆಸರಿನಲ್ಲಿ ಅರ್ಧ ಪಾಲು ಪಡೆದ ವಿಷಯಕ್ಕೆ ಒಳಗೆ ದಕ್ಕಿರುವುದು ಒಂದೇ ಪಾಠ. ಹಲವು ಕ್ಯಾಮೆರಾಗಳ ಸ್ಟುಡಿಯೋದಲ್ಲಿ ನಿರ್ದೇಶಕರು ಕಂಟ್ರೋಲ್ ರೂಮಿನಲ್ಲಿ ಕುಳಿತು ಸಿಬ್ಬಂದಿಯ ಕಿವಿಗೆ ಮಾತು ತಲುಪಿಸುವ ಟಾಕ್‌ಬ್ಯಾಕ್ ಮೂಲಕ ಮುಂದಿನ ಶಾಟನ್ನು ಮೊದಲೇ ಎಚ್ಚರಿಸುವುದು, ಯಾವ ಕ್ಯಾಮೆರಾದ ಚಿತ್ರ ಹೋಗಬೇಕೆಂದು ಆರಿಸುವ ಸ್ವಿಚರ್‌ನಲ್ಲಿ ಆ ಕ್ಷಣವೇ ಶಾಟ್ ಬದಲಾಗುವುದು, ಫ್ಲೋರ್ ಮ್ಯಾನೇಜರ್ ಬೆರಳು ಮಡಚುತ್ತಾ ಉಳಿದ ಸಮಯವನ್ನು ನಿರೂಪಕರಿಗೆ ತಿಳಿಸುವುದು, ಇವೆಲ್ಲ ಸಿನಿಮಾಕ್ಕಿಂತ ಬೇರೆಯದೇ ಶಿಸ್ತು. ನೇರಪ್ರಸಾರದಲ್ಲಿ ಎರಡನೇ ಟೇಕ್ ಇಲ್ಲವಲ್ಲ! ಇಷ್ಟನ್ನೂ ಬರಿಯ ಸ್ಲೈಡ್‌ಗಳಲ್ಲಿ ತೇಲಿಸಿದ್ದಾರೆ.

ದಿನದ ಶೂಟಿಂಗ್‌ಗೆ ಯಾರು, ಎಲ್ಲಿಗೆ, ಎಷ್ಟು ಹೊತ್ತಿಗೆ ಬರಬೇಕೆಂದು ತಿಳಿಸುವ ಕಾಲ್ ಶೀಟ್ ಬರೆಯುವುದನ್ನೂ, ಒಂದೇ ಲೊಕೇಶನ್ನಿನ ದೃಶ್ಯಗಳನ್ನು ಕಥೆಯ ಕ್ರಮ ಬಿಟ್ಟು ಒಟ್ಟಿಗೆ ಚಿತ್ರಿಸಲು ಶೆಡ್ಯೂಲ್ ಹಾಕುವುದನ್ನೂ ಮುಟ್ಟಿಯೇ ಇಲ್ಲ. ಹೊಸಬರು ಸೆಟ್‌ಗೆ ಸಹಾಯಕರಾಗಿ ಸೇರಿದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಕ್ಯಾಮೆರಾ ಅಲ್ಲ, ಆ ಕಾಲ್ ಶೀಟ್.