ಏಪ್ರಿಲ್ 23 ಹಾಕಿ ನೋಡಿ: ವಿಕಿಪೀಡಿಯದ ದಿನಾಂಕ ಪುಟ ಎಷ್ಟು ನಂಬಬಹುದು?

ಸ್ಮರಣೆಯ ಟಿಪ್ಪಣಿ ಬರೆಯುವವರು ಮೊದಲು ತೆರೆಯುವುದು ವಿಕಿಪೀಡಿಯದ ದಿನಾಂಕ ಪುಟವನ್ನೇ. ಘಟನೆ, ಜನನ, ಮರಣ, ಆಚರಣೆ ಎಲ್ಲವೂ ವರ್ಷದ ಕ್ರಮದಲ್ಲಿ, ಹೆಸರುಗಳಿಗೆ ಕೊಂಡಿಯ ಸಮೇತ ಸಿಗುತ್ತವೆ. ಸುಳಿವು ಹುಡುಕಲು ಇದಕ್ಕಿಂತ ಬೇಗದ ದಾರಿ ಇಲ್ಲ. ಆದರೆ ಅಲ್ಲಿಂದ ನೇರ ನಕಲು ಮಾಡಿದರೆ ಎಡವಟ್ಟು ಖಚಿತ. ಪರೀಕ್ಷೆಗೆ ಏಪ್ರಿಲ್ 23 ಹೇಳಿ ಮಾಡಿಸಿದ ದಿನ.

ಷೇಕ್ಸ್‌ಪಿಯರ್, ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರು ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಸ್ಪೇನ್ 1582ರಲ್ಲೇ ಇಂದು ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು. ಇಂಗ್ಲೆಂಡ್ ಇನ್ನೂ ಹಳೆಯ ಜೂಲಿಯನ್‌ನಲ್ಲೇ ಇತ್ತು. ನಡುವೆ 10 ದಿನದ ಅಂತರ, ಹಾಗಾಗಿ ಷೇಕ್ಸ್‌ಪಿಯರ್ ಸಾವು ಇಂದಿನ ಲೆಕ್ಕಕ್ಕೆ ಮೇ 3. ಸರ್ವಾಂಟಿಸ್ ಸತ್ತದ್ದು 22ರಂದು, 23 ಮಣ್ಣು ಮಾಡಿದ ದಿನ ಎಂಬುದೇ ಈಗ ಹೆಚ್ಚು ಒಪ್ಪಿಗೆಯಾದ ಮಾತು. ಷೇಕ್ಸ್‌ಪಿಯರ್ ಹುಟ್ಟುಹಬ್ಬವೂ ಇದೇ ದಿನ ಎನ್ನುತ್ತಾರೆ; ದಾಖಲೆ ಇರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನಕ್ಕೆ ಮಾತ್ರ. ಸಂಗೀತಗಾರ ಪ್ರೊಕೊಫೀವ್ ತನ್ನ ಹುಟ್ಟುಹಬ್ಬ 23 ಎಂದೇ ನಂಬಿದ್ದ, ಜನನ ಪತ್ರ 27 ಎನ್ನುತ್ತದೆ.

ಹಳೆಯವರ ಕಥೆ ಬಿಡಿ. ಯೂಟ್ಯೂಬಿನ ಮೊದಲ ವಿಡಿಯೊ, ಬರೀ 19 ಸೆಕೆಂಡಿನದು, ಏರಿದ್ದು 2005ರ ಏಪ್ರಿಲ್ 23ರ ರಾತ್ರಿ. ಅದು ಕ್ಯಾಲಿಫೋರ್ನಿಯದ ಗಡಿಯಾರ. ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿ ಆಗಲೇ 24. ಸಿನಿಮಾಗಳದ್ದು ಬೇರೆಯೇ ತೊಡಕು: ‘ಕಾಸಾಬ್ಲಾಂಕಾ’ ನ್ಯೂಯಾರ್ಕ್‌ನಲ್ಲಿ ಮೊದಲು ಕಂಡದ್ದು 1942ರ ನವೆಂಬರ್ 26, ಸಾರ್ವತ್ರಿಕ ಬಿಡುಗಡೆ 1943ರ ಜನವರಿ 23. ಯಾವುದನ್ನು ಹಿಡಿದಿದ್ದೀರಿ ಎಂದು ಟಿಪ್ಪಣಿಯಲ್ಲೇ ಬರೆಯಿರಿ.

ವ್ಯಕ್ತಿಯ ಸ್ವಂತ ಪುಟ ತೆರೆದು, ಆ ದಿನಾಂಕಕ್ಕೆ ಕೊಟ್ಟ ಆಧಾರ ನೋಡಿ. 1752ಕ್ಕಿಂತ ಹಿಂದಿನ ಇಂಗ್ಲೆಂಡ್, 1918ಕ್ಕಿಂತ ಹಿಂದಿನ ರಷ್ಯಾ ಆದರೆ ಯಾವ ಕ್ಯಾಲೆಂಡರ್ ಎಂದು ಕೇಳಿಕೊಳ್ಳಿ; ಅಲ್ಲಿಯವರೆಗೆ ಆ ದೇಶಗಳಲ್ಲಿ ಜೂಲಿಯನ್ನೇ ಇತ್ತು. ಎಣಿಕೆಯಲ್ಲೂ ಜಾರುತ್ತಾರೆ: 1928ರ ಏಪ್ರಿಲ್ 23ರಂದು ಹುಟ್ಟಿದ ನಟಿ ಶರ್ಲಿ ಟೆಂಪಲ್‌ಗೆ ನೂರು ತುಂಬುವುದು 2028ಕ್ಕೆ, ನೂರನೆಯ ವರ್ಷ ಶುರುವಾಗುವುದು 2027ಕ್ಕೆ. 1992ರಲ್ಲಿ ಇದೇ ದಿನ ತೀರಿಕೊಂಡ ಸತ್ಯಜಿತ್ ರಾಯ್ ವಿಷಯದಲ್ಲಿ ಇಂಥ ಯಾವ ತಕರಾರೂ ಇಲ್ಲ.

ಪಟ್ಟಿ ದೊಡ್ಡದು ಬೇಕಾದರೆ ವಿಕಿಪೀಡಿಯದ ಸೋದರ ದತ್ತಾಂಶ ಕೋಶವಾದ ವಿಕಿಡೇಟಾದಲ್ಲಿ ಕ್ವೆರಿ (ಹುಡುಕಾಟದ ಆದೇಶ) ಬರೆಯುವುದೇ ಮೇಲು: ಅಲ್ಲಿ ಜನನ ದಿನಾಂಕದ ಸಂಕೇತ ಪಿ569, ಮರಣದ್ದು ಪಿ570. ಆದರೆ ಅದು ಜೂಲಿಯನ್ ದಿನಗಳನ್ನು ಗ್ರೆಗೋರಿಯನ್‌ಗೆ ತಿರುಗಿಸಿ ಕೊಡುವುದರಿಂದ ಏಪ್ರಿಲ್ 23 ಕೇಳಿದಾಗ ಷೇಕ್ಸ್‌ಪಿಯರ್ ಕೈಬಿಟ್ಟು ಹೋಗಬಹುದು. ಹುಟ್ಟಿದ ಅಥವಾ ಸತ್ತ ವರ್ಷ ಮಾತ್ರ ದಾಖಲಾಗಿರುವವರು ಜನವರಿ 1ಕ್ಕೆ ಬಂದು ಬೀಳುತ್ತಾರೆ. ನಿಖರತೆ 11, ಅಂದರೆ ದಿನದ ಮಟ್ಟ, ಎಂಬ ಷರತ್ತು ಹಾಕಿದರೆ ಆ ಜಂಗುಳಿ ಕರಗುತ್ತದೆ.