ಆಯ್ಸ್ಟರೋ, ಮರುವಾಯಿಯೋ?

ಬರೀ ಸತುವಿನ (ಜಿಂಕ್) ಲೆಕ್ಕ ಹಿಡಿದರೆ ಆಯ್ಸ್ಟರ್ ಅನ್ನುವ ಸಿಂಪಿಯ ಮುಂದೆ ನಮ್ಮ ಕರಾವಳಿಯ ಸಣ್ಣ ಚಿಪ್ಪುಮೀನು ಮರುವಾಯಿ ನಿಲ್ಲುವುದಿಲ್ಲ. ಗಂಡಸರ ಹಾರ್ಮೋನಿಗೆ ಸತು ಬೇಕು ನಿಜ, ಪ್ರಣಯ ಪ್ರಸಂಗಗಳಿಗೆ ಹೆಸರಾದ ಇಟಲಿಯ ರಸಿಕ ಕ್ಯಾಸನೋವಾ ಬೆಳಗ್ಗೆ 50 ಆಯ್ಸ್ಟರ್ ನುಂಗುತ್ತಿದ್ದ ಅನ್ನುವ ಕಥೆ ಬೇರೆ. ಆದರೆ ಮೈಯಲ್ಲಿ ಸತು ಸಾಕಷ್ಟಿದ್ದವರಿಗೆ ಒಂದು ಪ್ಲೇಟ್ ತಿಂದ ರಾತ್ರಿಯೇ ಹುರುಪು ಉಕ್ಕುತ್ತದೆ ಅನ್ನುವುದೆಲ್ಲ ಸುಮ್ನೆ ಮಾತು. ಬಿ12 ವಿಟಮಿನ್ ಬೇಕಾದರೆ ಮರುವಾಯಿಯಲ್ಲೂ ಧಾರಾಳ ಇದೆ, ಮಂಗಳೂರು ಕಡೆ ಕಾಯಿತುರಿ ಹಾಕಿದ ಸುಕ್ಕ ಮಾಡುತ್ತಾರಲ್ಲ, ಮಸಾಲೆ ಮೆತ್ತಿದ ಒಂದೊಂದೇ ಚಿಪ್ಪು ಚೀಪುವ ಸುಖ ಆಯ್ಸ್ಟರಿನಲ್ಲಿ ಎಲ್ಲಿದೆ? ಇನ್ನು ನಿಂಬೆ ಹಿಂಡಿ ಹಸಿ ಆಯ್ಸ್ಟರ್ ತಿನ್ನುವ ಶೋಕಿ. ಅದರಲ್ಲಿ ವಿಬ್ರಿಯೊ ಬ್ಯಾಕ್ಟೀರಿಯಾ ಇರಬಹುದು, ಲಿವರ್ ತೊಂದರೆ ಇದ್ದವರಿಗೆ ಪ್ರಾಣಕ್ಕೇ ಕುತ್ತು. ಚೆನ್ನಾಗಿ ಬೇಯಿಸಿ ತಿನ್ನಿ, ಸತು ಎಲ್ಲೂ ಓಡಿಹೋಗುವುದಿಲ್ಲ. ನಾನಂತೂ ಸುಕ್ಕದ ಪಾರ್ಟಿ.