ಕೈಟ್‌ಸರ್ಫಿಂಗ್ ಕಲಿಯಲು ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಕೈಟ್‌ಸರ್ಫಿಂಗ್ ಕಲಿಯಬೇಕು ಅಂತ ಶ್ರೀಲಂಕಾದ ಕಲ್ಪಿಟಿಯಕ್ಕೆ ಟಿಕೆಟ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಾಳಿಪಟದಂಥ ದೊಡ್ಡ ಕೈಟ್ ಎಳೆಯುವ ಬಲದಿಂದ, ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ ಅದು. ಆ ಜಾಗದ ಮೇಲೆ ನನಗೆ ಯಾವ ದೂರೂ ಇಲ್ಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನೈಋತ್ಯದ ಗಾಳಿ ಚೆನ್ನಾಗಿ ಬೀಸುತ್ತದೆ. ಲಗೂನ್‌ನಲ್ಲಿ (ಸಮುದ್ರದ ಹಿನ್ನೀರಿನಲ್ಲಿ) ಅಲೆ ಕಡಿಮೆ, ಎಷ್ಟೋ ಕಡೆ ಕಾಲು ನೆಲಕ್ಕೆ ಸಿಗುತ್ತದೆ. ಹೊಸಬರಿಗೆ ಒಳ್ಳೆಯ ಜಾಗವೇ.

ನನಗೆ ಕೆಟ್ಟದ್ದು ಆಗಿದ್ದು ನಾನು ಸೇರಿದ ಶಾಲೆಯಿಂದ. ಒಬ್ಬರಿಗೆ ಒಬ್ಬ ಕೋಚ್ ಅಂತ ಹೇಳಿ ಪೂರ್ತಿ ದುಡ್ಡು ಮೊದಲೇ ಕಟ್ಟಿಸಿಕೊಂಡರು. ಅಲ್ಲಿ ಹೋದರೆ ನಾಲ್ಕು ಜನಕ್ಕೆ ಒಬ್ಬ ಹುಡುಗ. ದಡದಲ್ಲಿ ಸಣ್ಣ ಕೈಟ್ ಹಾರಿಸಿ ಕೈ ಪಳಗಿಸುವ ಪಾಠವನ್ನೇ ಬಿಟ್ಟುಬಿಟ್ಟರು. ಅಪಾಯವಾದಾಗ ಕೈಟ್‌ನ ಎಳೆತ ಕಳಚುವ ಕ್ವಿಕ್ ರಿಲೀಸ್ ಎಲ್ಲಿದೆ ಅಂತ ಬೆರಳು ಮಾಡಿ ತೋರಿಸಿದರು, ಅಷ್ಟೇ. ಅದನ್ನು ಬಿಚ್ಚಿ ನೋಡಲು ಬಿಡಲಿಲ್ಲ.

ಇದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಬೇಕಾದರೆ ಕೈಟ್ ಹೇಗೆ ಎಳೆಯುತ್ತದೆ ಅಂತ ತಿಳಿದಿರಬೇಕು. ಇಪ್ಪತ್ತು ಮೀಟರಿಗಿಂತ ಉದ್ದದ ದಾರಗಳ ಆ ಕೈಟ್ ಇರುವುದು ನಿಮ್ಮ ಕೈಯಲ್ಲಲ್ಲ, ಸೊಂಟಕ್ಕೆ ಕಟ್ಟಿದ ಹಾರ್ನೆಸ್ ಪಟ್ಟಿಗೆ ಸಿಕ್ಕಿಸಿರುತ್ತಾರೆ. ತಲೆಯ ಮೇಲಿದ್ದಾಗ ಮೆಲ್ಲಗೆ ಎಳೆಯುತ್ತದೆ. ಗಾಳಿ ಹೋಗುವ ದಿಕ್ಕಿಗೆ ಕೆಳಗಿಳಿದರೆ ಪೂರ್ತಿ ಬಲದಿಂದ ಎಳೆಯುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಆಗ ಮೊದಲು ಬಾರ್ (ಕೈಟ್ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲು) ಬಿಡಬೇಕು. ಅದಕ್ಕೂ ನಿಲ್ಲದಿದ್ದರೆ ಎದುರಿನ ಕೆಂಪು ಹಿಡಿಯನ್ನು, ಅಂದರೆ ಕ್ವಿಕ್ ರಿಲೀಸನ್ನು, ಮುಂದಕ್ಕೆ ತಳ್ಳಬೇಕು. ಕೈಟ್ ಒಂದೇ ದಾರದ ಮೇಲೆ ಜೋತು ಬಲ ಕಳೆದುಕೊಳ್ಳುತ್ತದೆ. ಆಮೇಲೂ ಎಳೆದರೆ ಕೈಟನ್ನು ನಿಮಗೆ ಕಟ್ಟಿರುವ ಕೊನೆಯ ಹಗ್ಗ ಲೀಶನ್ನೂ ಬಿಚ್ಚಬೇಕು. ಕಣ್ಣು ಮುಚ್ಚಿಕೊಂಡೂ ಮಾಡುವಷ್ಟು ಅಭ್ಯಾಸ ಬೇಕು. ಗಾಬರಿಯಾದಾಗ ಮನುಷ್ಯನ ಕೈ ಬಾರನ್ನು ಇನ್ನೂ ಗಟ್ಟಿಯಾಗಿ ಹಿಡಿದು ಎದೆಗೆ ಎಳೆದುಕೊಳ್ಳುತ್ತದೆ, ಅಲ್ವಾ? ಎಳೆದುಕೊಂಡಷ್ಟೂ ಕೈಟ್‌ಗೆ ಬಲ ಜಾಸ್ತಿ.

ಮಧ್ಯಾಹ್ನ ಗಾಳಿ ಜೋರಾಯಿತು. ಪಕ್ಕದ ಶಾಲೆಯವರು ದೊಡ್ಡ ಕೈಟ್‌ಗಳನ್ನು ಇಳಿಸಿ ಸಣ್ಣವನ್ನು ಕಟ್ಟುತ್ತಿದ್ದರು. ನಮ್ಮವರು ಬೆಳಗಿನ 12 ಚದರ ಮೀಟರಿನದ್ದನ್ನೇ ಕೊಟ್ಟರು. ಕೋಚ್ ಇನ್ನೊಬ್ಬರ ಹತ್ತಿರ ಹೋಗಿದ್ದಾಗ ಕೈಟ್ ಕೆಳಗೆ ಬಾಗಿತು. ನನ್ನನ್ನು ನೀರಿನಿಂದ ಮರಳಿಗೆ ಎಳೆದುಕೊಂಡು ಹೋಗಿ ದೋಣಿ ಕಟ್ಟುವ ಗೂಟಕ್ಕೆ ಬಡಿಯಿತು. ಕಾಲರ್ ಬೋನ್ ಮುರಿಯಿತು. ಓಡಿ ಬಂದು ಕೈಟ್ ಹಿಡಿದವರು ಪಕ್ಕದ ಶಾಲೆಯವರು. ದುಡ್ಡು ವಾಪಸ್ ಕೇಳಿದರೆ, ನಾನು ಸಹಿ ಹಾಕಿದ್ದ ಹಾಳೆ ತೋರಿಸಿದರು.

ದಯವಿಟ್ಟು ಊರಿಂದಲೇ ದುಡ್ಡು ಕಳಿಸಬೇಡಿ. ಹೋಗಿ, ದಡದಲ್ಲಿ ಕೂತು ಅವರ ಪಾಠವೊಂದನ್ನು ಪೂರ್ತಿ ನೋಡಿ. ಹೊಸಬರ ಕೈಯಲ್ಲಿ ರಿಲೀಸ್ ಮತ್ತೆ ಮತ್ತೆ ಬಿಚ್ಚಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕೋಚ್ ಹತ್ತಿರ ಐಕೆಓ (ಅಂತರರಾಷ್ಟ್ರೀಯ ಕೈಟ್‌ಬೋರ್ಡಿಂಗ್ ಸಂಸ್ಥೆ) ಸರ್ಟಿಫಿಕೇಟ್ ಇದೆಯಾ ಕೇಳಿ, ಸಂಕೋಚ ಬೇಡ. ಹೆಲ್ಮೆಟ್ ಇಲ್ಲದೆ ನೀರಿಗಿಳಿಸುವವರ ಹತ್ತಿರ ಮಾತೇ ಬೇಡ. ಕಾಪಾಡಲು ದೋಣಿ ಇದೆಯಾ, ಎಲ್ಲಿ ನಿಂತಿದೆ ಅಂತ ಕಣ್ಣಾರೆ ನೋಡಿ. ಗಾಳಿ ದಡದಿಂದ ಸಮುದ್ರದ ಕಡೆಗೆ ಬೀಸುತ್ತಿದ್ದರೆ ಹೊಸಬರು ಇಳಿಯಲೇಬಾರದು. ಕೈಟ್ ನಿಮ್ಮನ್ನು ಒಳಗೆ ಒಯ್ದುಬಿಡುತ್ತದೆ. ದಾರವನ್ನಂತೂ ಬೆರಳಿಗೆ ಸುತ್ತಿಕೊಳ್ಳಲೇಬೇಡಿ, ಕತ್ತರಿಸಿಬಿಡುತ್ತದೆ.

ಹೊರಡುವ ಮುಂಚೆ ಟ್ರಾವೆಲ್ ಇನ್ಶೂರೆನ್ಸ್ ಪೇಪರನ್ನೂ ಓದಿ. ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಸೇರಿರುವುದಿಲ್ಲ. ನನ್ನದರಲ್ಲೂ ಇರಲಿಲ್ಲ, ಆಸ್ಪತ್ರೆಯ ಬಿಲ್ ಪೂರ್ತಿ ಕೈಯಿಂದಲೇ ಹೋಯಿತು. ಕೈಟ್‌ಸರ್ಫಿಂಗ್‌ಗೂ ಅನ್ವಯಿಸುತ್ತದೆ ಅಂತ ಕಂಪನಿಯವರಿಂದ ಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ.